ವೆಲ್ಲೂರಿನ ಡಾಕ್ಟರಮ್ಮ

ಜಯನಗರ, ಬನಶಂಕರಿ, ಜೆ. ಪಿ. ನಗರಗಳಲ್ಲಿ ನರ್ಸಿಂಗ್ ಹೋಮುಗಳಿಗೆ ಬರಗಾಲವಿಲ್ಲ. ಅವುಗಳ ಬಾಗಿಲಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ತಜ್ಞರು ಎಂಬ ಮಾತಿನ ಕೆಳಗೆ ನಾಲ್ಕಾರು ಹೆಸರುಗಳನ್ನು ಬರೆಸಿರುತ್ತಾರೆ. ಒಳಗೆ ಹೋಗಬೇಕಾದ ಹೆಂಗಸರು ಆ ಬೋರ್ಡನ್ನು ಓದುವ ಕ್ರಮವನ್ನು ನಾನು ಗಮನಿಸಿದ್ದೇನೆ. ಡಾಕ್ಟರು ಎಲ್ಲಿ ಓದಿದರು, ಯಾವ ಪದವಿ ಪಡೆದರು ಎಂಬುದೆಲ್ಲ ಆಮೇಲಿನ ಮಾತು. ಮೊದಲು ನೋಡುವುದು ಹೆಸರು ಹೆಂಗಸಿನದೋ ಗಂಡಸಿನದೋ ಎಂಬುದನ್ನು. ಹೆಂಗಸಿನ ಹೆಸರಿದ್ದರೆ ಮುಖದ ಬಿಗುವು ಸಡಿಲುತ್ತದೆ. ಇಲ್ಲದಿದ್ದರೆ ಜೊತೆಗೆ ಬಂದವರ ಕಡೆ ಒಮ್ಮೆ ತಿರುಗಿ ನೋಡುತ್ತಾರೆ. ಎಲ್ಲರೂ ಹೀಗೆಯೇ ಎಂದು ಹೇಳಲಾರೆ. ಕೈಗುಣ ಒಳ್ಳೆಯದೆಂದು ಕೇಳಿ ಗಂಡಸು ಡಾಕ್ಟರನ್ನೇ ಹುಡುಕಿಕೊಂಡು ಹೋಗುವವರೂ ಇದ್ದಾರೆ.

ಇಂದು ಇದು ಒಂದು ಬಾಗಿಲನ್ನು ಬಿಟ್ಟು ಇನ್ನೊಂದು ಬಾಗಿಲಿಗೆ ಹೋದರೆ ತೀರುವ ಮಾತು. ನಗರದ ಹೆಂಗಸರಿಗಾದರೂ ಅಷ್ಟರ ಮಟ್ಟಿನ ಅನುಕೂಲವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದೇ ಮಾತು ಪ್ರಾಣಕ್ಕೆ ಬರುತ್ತಿತ್ತು. ಹಾಗೆ ಪ್ರಾಣಕ್ಕೆ ಬಂದ ಒಂದು ರಾತ್ರಿಯನ್ನು ಕಂಡು, ಉಳಿದ ಆಯುಸ್ಸನ್ನೆಲ್ಲ ಅದರ ಉತ್ತರಕ್ಕಾಗಿ ಸವೆಸಿದ ಮಹಿಳೆಯೊಬ್ಬರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಹೊರಟಿದ್ದೇನೆ. ಆಕೆಯ ಹೆಸರು ಐಡಾ ಸೋಫಿಯಾ ಸ್ಕಡರ್. ಆಕೆ ಕನ್ನಡ ನಾಡಿನವಳಲ್ಲ, ಆದರೆ ನಮಗೆ ತೀರ ದೂರದವಳೂ ಅಲ್ಲ. ಆಕೆ ಕಟ್ಟಿದ ಆಸ್ಪತ್ರೆಯಿರುವ ವೆಲ್ಲೂರು ಬೆಂಗಳೂರಿನಿಂದ ಇನ್ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಮಕ್ಕಳನ್ನು ಇಂಗ್ಲಿಷರು ಸೆರೆಯಿಟ್ಟದ್ದು ಈ ಊರಿನ ಕೋಟೆಯಲ್ಲಿಯೇ. ಇಲ್ಲಿ ವಾಸಿಯಾಗದ ಕಾಯಿಲೆಗೆ ವೆಲ್ಲೂರಿಗೆ ಕರೆದುಕೊಂಡು ಹೋಗಿ ನೋಡೋಣ ಎನ್ನುವ ಮಾತನ್ನು ನಮ್ಮಲ್ಲಿ ಅನೇಕರು ಮನೆಗಳಲ್ಲಿ ಕೇಳಿಯೇ ಇದ್ದೇವೆ. ಕಾಟ್ಪಾಡಿ ಸ್ಟೇಷನ್ನಿನಲ್ಲಿ ಇಳಿದು ಆ ಆಸ್ಪತ್ರೆಗೆ ಹೋಗುವವರಲ್ಲಿ, ಅದು ಹುಟ್ಟಿದ್ದೇ ಹೆಂಗಸರಿಗಾಗಿ ಎಂಬುದನ್ನು ಬಲ್ಲವರು ಎಷ್ಟು ಮಂದಿಯೋ!

ಐಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ಆರ್ಕಾಟಿನ ಬಳಿಯ ರಾಣಿಪೇಟೆಯಲ್ಲಿ. ಆಕೆಯ ತಾತ ಡಾಕ್ಟರ್ ಜಾನ್ ಸ್ಕಡರ್ 1819ರಲ್ಲಿ ನ್ಯೂಯಾರ್ಕಿನ ವೈದ್ಯವೃತ್ತಿಯನ್ನು ಬಿಟ್ಟು ಹಡಗು ಹತ್ತಿ ಬಂದವನು. ಅಮೆರಿಕದಿಂದ ಹೊರಟ ಮೊದಲ ವೈದ್ಯ ಮಿಷನರಿ ಎಂದು ಆತನ ಹೆಸರನ್ನು ಹೇಳುತ್ತಾರೆ. ಮಕ್ಕಳು ಮೊಮ್ಮಕ್ಕಳಲ್ಲಿ ಬಹುಮಂದಿ ಅದೇ ದಾರಿ ಹಿಡಿದರು. ಐಡಾಳ ತಂದೆಯ ಹೆಸರೂ ಜಾನ್ ಸ್ಕಡರ್ ಎಂದೇ, ಆತನೂ ಡಾಕ್ಟರು. ಅಣ್ಣಂದಿರ ನಡುವೆ ಬೆಳೆದ ಒಬ್ಬಳೇ ಹುಡುಗಿ ಈಕೆ.

ಆಕೆಗೆ ಇನ್ನೂ ಏಳು ತುಂಬುವ ಮೊದಲೇ ದಕ್ಷಿಣ ದೇಶವನ್ನು ಮಹಾಕ್ಷಾಮ ಹೊಕ್ಕಿತು. 1876ರಿಂದ 1878ರವರೆಗಿನ ಆ ಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರದ ಬರ ಎಂದು ಕರೆಯುತ್ತಿದ್ದರು. ಮೈಸೂರು ಸಂಸ್ಥಾನವೊಂದರಲ್ಲಿಯೇ ಐದರಲ್ಲಿ ಒಂದು ಪಾಲು ಜನ ನಾಶವಾದರೆಂದು ಚರಿತ್ರೆ ಹೇಳುತ್ತದೆ. ಮದರಾಸಿನ ಕಡೆಯ ಜಿಲ್ಲೆಗಳ ಗತಿಯೂ ಹಾಗೆಯೇ. ಎಲುಬು ಮಾತ್ರ ಉಳಿದ ಮಕ್ಕಳಿಗೆ ಈ ಪುಟ್ಟ ಹುಡುಗಿ ರೊಟ್ಟಿಯ ಚೂರುಗಳನ್ನು ಹಂಚುತ್ತಿದ್ದಳಂತೆ. ಅಂಥ ನೋಟ ಮಗುವಿನ ಮನಸ್ಸಿನಲ್ಲಿ ಕರುಣೆಯನ್ನೇ ಬಿತ್ತುತ್ತದೆಂದು ನಾವು ಊಹಿಸಿಕೊಳ್ಳುತ್ತೇವೆ. ಐಡಾಳ ವಿಷಯದಲ್ಲಿ ಮೊದಲು ಆದದ್ದು ಬೇರೆ. ಆಕೆಗೆ ಈ ದೇಶವೇ ಬೇಡವಾಯಿತು.

ಸಂಸಾರ ಅಮೆರಿಕಕ್ಕೆ ಹೋಯಿತು. ಕೆಲವು ವರ್ಷಗಳಲ್ಲಿ ತಂದೆಯೂ, ಆತನ ಹಿಂದೆ ತಾಯಿಯೂ ಇಂಡಿಯಾಕ್ಕೆ ಮರಳಿದರು. ಮಗಳು ಬಂಧುಗಳ ಆಶ್ರಯದಲ್ಲಿ ಅಲ್ಲಿಯೇ ಉಳಿದಳು. ತಾಯಿ ಬಿಟ್ಟು ಹೋದ ನೋವು ಆ ವಯಸ್ಸಿನ ಹುಡುಗಿಗೆ ಸಣ್ಣದಲ್ಲ. ಮ್ಯಾಸಚೂಸೆಟ್ಸ್ ಪ್ರಾಂತದ ನಾರ್ತ್‌ಫೀಲ್ಡ್ ಎಂಬಲ್ಲಿ ಓದುತ್ತಿದ್ದಾಗ ಆಕೆ ತುಂಟಾಟಕ್ಕೆ ಹೆಸರಾಗಿದ್ದಳು. ಸ್ಕಡರ್ ಎಂಬ ಹೆಸರು ಹೊತ್ತವರೆಲ್ಲ ಮಿಷನರಿಗಳೇ ಆಗಬೇಕೆಂಬ ಕಟ್ಟಳೆಯೇನಿದೆ, ತಾನಂತೂ ಆಗುವುದಿಲ್ಲವೆಂದು ಆಕೆ ಗಟ್ಟಿ ಮಾಡಿಕೊಂಡಿದ್ದಳು. ಮದುವೆ, ಒಳ್ಳೆಯ ಮನೆ, ಅಮೆರಿಕದ ಸುಖಜೀವನ ಇವೇ ಆಕೆಯ ಕನಸು. ಇದನ್ನು ದೋಷವೆಂದು ನಾನು ಬಗೆಯುವುದಿಲ್ಲ. ದೊಡ್ಡವರ ಚರಿತ್ರೆ ಬರೆಯುವವರು ಅವರನ್ನು ತೊಟ್ಟಿಲಿನಿಂದಲೇ ದೊಡ್ಡವರನ್ನಾಗಿ ಮಾಡಿಬಿಡುತ್ತಾರೆ. ಐಡಾಳ ಅದೃಷ್ಟಕ್ಕೆ ಆಕೆಯ ಹಟಮಾರಿತನ ಎಲ್ಲರ ನೆನಪಿನಲ್ಲಿಯೂ ಉಳಿದಿತ್ತು.

1890ರಲ್ಲಿ ತಾಯಿಗೆ ಕಾಯಿಲೆಯೆಂದು ತಂತಿ ಬಂದಿತು. ಐಡಾ ಇಂಡಿಯಾಕ್ಕೆ ಬಂದಳು. ಕೆಲವು ಕಾಲ ಶುಶ್ರೂಷೆ ಮಾಡಿ ಹಿಂತಿರುಗುವುದೆಂದು ಆಕೆಯ ಲೆಕ್ಕ. ತಂದೆ ಆಗ ತಿಂಡಿವನಂ ಎಂಬ ಊರಿನಲ್ಲಿದ್ದರು. ಆಕೆಗೆ ಇಪ್ಪತ್ತು ವರ್ಷದ ಆಸುಪಾಸು. ಎಂದರೆ ಇಂದು ನಮ್ಮ ಕಾಲೇಜಿನ ಕೊನೆಯ ವರ್ಷದ ತರಗತಿಯಲ್ಲಿ ಕುಳಿತಿರುವ ನಮ್ಮಷ್ಟೇ ವಯಸ್ಸು.

ಒಂದು ರಾತ್ರಿ ಆಕೆ ತನ್ನ ಕೋಣೆಯಲ್ಲಿ ಕುಳಿತಿದ್ದಾಗ ವರಾಂಡದಲ್ಲಿ ಹೆಜ್ಜೆಯ ಸದ್ದಾಯಿತು. ಬಂದವನು ಒಬ್ಬ ಬ್ರಾಹ್ಮಣ ಗೃಹಸ್ಥ. ಆತನ ಹೆಂಡತಿ ಇನ್ನೂ ಹುಡುಗಿ, ಚೊಚ್ಚಲ ಹೆರಿಗೆ, ನೋವು ತಿನ್ನುತ್ತಿದ್ದಾಳೆ, ಸೂಲಗಿತ್ತಿಯ ಕೈಯಲ್ಲಿ ಆಗುತ್ತಿಲ್ಲ, ಬಂದು ಉಳಿಸಿಕೊಡಬೇಕು ಎಂದು ಕೇಳಿಕೊಂಡನು. ತನಗೆ ವೈದ್ಯ ಬಾರದು, ತಂದೆ ಡಾಕ್ಟರು, ಅವರನ್ನು ಈಗಲೇ ಕಳಿಸುತ್ತೇನೆ ಎಂದಳು ಐಡಾ. ಆತನು ಹಿಂದೆ ಸರಿದನು. ಪರಪುರುಷನು ಆಕೆಯ ಮುಖ ನೋಡುವುದಕ್ಕಿಂತ ಆಕೆ ಸಾಯುವುದೇ ಮೇಲು ಎಂದು ಹೇಳಿ ಕತ್ತಲೆಯಲ್ಲಿ ಹೊರಟುಹೋದನು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹೆಜ್ಜೆಯ ಸದ್ದು. ಮೊದಲಿನವನೇ ಮನಸ್ಸು ಬದಲಿಸಿ ಬಂದನೆಂದು ಆಕೆ ಎದ್ದು ನೋಡಿದರೆ ಬಂದವನು ಒಬ್ಬ ಮುಸಲ್ಮಾನ. ಆತನ ಮನೆಯಲ್ಲಿಯೂ ಅದೇ ಸಂಕಟ, ಆತನ ಬಾಯಲ್ಲಿಯೂ ಅದೇ ಉತ್ತರ. ಬಂಧುವಲ್ಲದ ಗಂಡಸು ಒಳಮನೆಗೆ ಕಾಲಿಡುವಂತಿಲ್ಲ. ಅದೇ ರಾತ್ರಿ ಮೂರನೆಯವನೂ ಬಂದನು. ಆತನೂ ಮೇಲು ಜಾತಿಯ ಹಿಂದು. ಮೂರನೆಯ ಸಲವೂ ಅದೇ ಬೇಡಿಕೆ, ಅದೇ ನಿರಾಕರಣೆ.

ಐಡಾ ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಬೆಳಗಿನಲ್ಲಿ ಬೀದಿಯಿಂದ ಸಾವಿನ ತಮಟೆಯ ಸದ್ದು ಕೇಳಿಬಂದಿತು. ಆಳನ್ನು ಕಳಿಸಿ ವಿಚಾರಿಸಿದಳು. ಮೂವರು ಹೆಂಗಸರೂ ತೀರಿಕೊಂಡಿದ್ದರು.

ಈ ಕಥೆಯನ್ನು ಐಡಾಳ ಜೀವನದ ತಿರುವು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಐಡಾಳ ಕೋಣೆಯನ್ನು ಬಿಟ್ಟು ಆ ಮೂರು ಮನೆಗಳ ಕಡೆಗೆ ಹೋಗುತ್ತದೆ. ವರಾಂಡದಲ್ಲಿ ನಿಂತು ಮಾತನಾಡಿದವರು ಮೂವರೂ ಗಂಡಸರು. ಗಂಡಸು ಡಾಕ್ಟರು ಬೇಡವೆಂದು ತೀರ್ಮಾನಿಸಿದವರು ಅವರು. ಒಳಗೆ ನೋವು ತಿನ್ನುತ್ತಿದ್ದವರಿಗೆ, ಹತ್ತಿರದಲ್ಲಿಯೇ ಒಬ್ಬ ಬಲ್ಲ ಡಾಕ್ಟರಿದ್ದಾನೆ, ಬದುಕುವ ಆಸೆಯಿದ್ದರೆ ಕರೆಯುತ್ತೇವೆ, ನಿನ್ನ ಮಾತೇನು ಎಂದು ಯಾರಾದರೂ ಕೇಳಿದ್ದರೆ ಅವರು ಏನೆನ್ನುತ್ತಿದ್ದರು? ಬೇಡವೆಂದೇ ಹೇಳುತ್ತಿದ್ದರೇನೋ. ಬೇಕು ಎನ್ನುತ್ತಿದ್ದರೇನೋ. ಆ ಮೂವರ ಹೆಸರೂ ಯಾರಿಗೂ ತಿಳಿಯದು. ಹೆಂಗಸರಿಗೆ ಹೆಂಗಸು ಡಾಕ್ಟರೇ ಇಷ್ಟವೆಂದು ಅಂದಿನಿಂದ ಇಂದಿನವರೆಗೆ ಎಷ್ಟೋ ಜನ ಬರೆದಿದ್ದಾರೆ. ಅವರ ಇಷ್ಟವನ್ನು ಹೇಳಿದವರು ಮಾತ್ರ ಹೆಚ್ಚಾಗಿ ಬೇರೆಯವರೇ. ಹಾಗೆಂದು ಆ ಮೂವರು ಗಂಡಂದಿರನ್ನು ಕಟುಕರೆಂದು ಹಳಿಯುವುದೂ ಸರಿಯಲ್ಲ. ಹೆಂಡತಿಯ ಮೇಲೆ ಪ್ರೀತಿಯಿಲ್ಲದವನು ನಡುರಾತ್ರಿಯಲ್ಲಿ ಪರಧರ್ಮದವರ ಬಾಗಿಲಿಗೆ ಹೋಗಿ ಕೈಮುಗಿಯುವುದಿಲ್ಲ. ಕಟ್ಟಳೆ ಅವರಿಗಿಂತ ದೊಡ್ಡದಾಗಿತ್ತು.

ಇನ್ನೊಂದು ಮಾತನ್ನೂ ಇಲ್ಲಿ ನೆನೆಯಬೇಕು. ನಮ್ಮ ಹೆಂಗಸರಿಗೆ ಹೆಂಗಸಿನ ಕೈ ಎಂದೂ ಇಲ್ಲದಿರಲಿಲ್ಲ. ಊರೂರಿಗೆ ಸೂಲಗಿತ್ತಿ ಇದ್ದಳು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮೇಲ್ಪಟ್ಟು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಅಂಥ ಕೈಗಳನ್ನು ಅಜ್ಞಾನವೆಂದು ತಳ್ಳಿಹಾಕುವವರು ಅವರ ಲೆಕ್ಕವನ್ನು ಒಮ್ಮೆ ನೋಡಲಿ. ಆದರೆ ಮಗು ಅಡ್ಡ ಬಿದ್ದಾಗ, ರಕ್ತ ನಿಲ್ಲದಾಗ ಬೇಕಾಗುವ ಶಸ್ತ್ರವೂ ಔಷಧಿಯೂ ಸೂಲಗಿತ್ತಿಯ ಬಳಿ ಇರಲಿಲ್ಲ. ಅವು ಇದ್ದದ್ದು ಗಂಡಸರ ಬಳಿ. ಹೊಸ್ತಿಲು ದಾಟಬಲ್ಲ ಕೈಗೆ ವಿದ್ಯೆಯಿಲ್ಲ. ವಿದ್ಯೆಯಿರುವ ಕೈಗೆ ಹೊಸ್ತಿಲು ದಾಟುವ ಹಕ್ಕಿಲ್ಲ. ತಿಂಡಿವನದಲ್ಲಿ ಮೂವರು ಸತ್ತದ್ದು ಈ ಎರಡರ ನಡುವೆ ಸಿಕ್ಕಿ. ಮದರಾಸಿನ ವೈದ್ಯಕೀಯ ಕಾಲೇಜು 1875ರಷ್ಟು ಹಿಂದೆಯೇ ಮೇರಿ ಷಾರ್ಲೀಬ್ ಮುಂತಾದ ನಾಲ್ವರು ಮಹಿಳೆಯರನ್ನು ಸೇರಿಸಿಕೊಂಡಿತ್ತು. 1885ರಲ್ಲಿ ಜಾತಿವಂತ ಮತ್ತು ಗೋಷಾ ಹೆಂಗಸರಿಗೆಂದು ಅದೇ ನಗರದಲ್ಲಿ ಆಸ್ಪತ್ರೆಯೂ ಆಯಿತು. ಆದರೆ ಮದರಾಸಿನ ಆಸ್ಪತ್ರೆ ತಿಂಡಿವನದ ಬಾಣಂತಿಗೆ ಎಷ್ಟು ದೂರ!

ಬೆಳಗಾದ ಮೇಲೆ ಐಡಾ ತಂದೆತಾಯಿಗಳ ಮುಂದೆ ನಿಂತು, ತಾನು ಅಮೆರಿಕಕ್ಕೆ ಹೋಗಿ ವೈದ್ಯ ಕಲಿತು ಇಲ್ಲಿಗೇ ಬರುವುದಾಗಿ ತಿಳಿಸಿದಳು.

1895ರಲ್ಲಿ ಆಕೆ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿದಳು. ಈ ಕಾಲೇಜಿನ ಹೆಸರು ನಮ್ಮವರಿಗೆ ಹೊಸದಲ್ಲ. ಒಂಬತ್ತನೆಯ ವಯಸ್ಸಿಗೆ ಮದುವೆಯಾಗಿ, ಹದಿನಾಲ್ಕರಲ್ಲಿ ಹೆತ್ತ ಕೂಸನ್ನು ಹತ್ತೇ ದಿನಗಳಲ್ಲಿ ಕಳೆದುಕೊಂಡ ಆನಂದಿಬಾಯಿ ಜೋಶಿ 1886ರಲ್ಲಿ ಪದವಿ ಪಡೆದದ್ದು ಇಲ್ಲಿಯೇ. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಹೆಂಗಸರ ವಿಭಾಗವನ್ನು ನೋಡಿಕೊಳ್ಳಲು ಆಕೆಯನ್ನು ಕರೆದಿದ್ದರು. ಮರಳಿ ಬಂದ ಆ ತಾಯಿ 1887ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಕ್ಷಯದಿಂದ ತೀರಿಕೊಂಡಳು. ಕಲಿತ ವಿದ್ಯೆ ಒಬ್ಬ ರೋಗಿಗೂ ಉಪಯೋಗಕ್ಕೆ ಬರುವಷ್ಟು ಕಾಲ ಆಕೆಗೆ ದೊರೆಯಲಿಲ್ಲ. ಹಿಂದೂ ಹೆಂಗಸರಿಗೆ ಹಿಂದೂ ಹೆಂಗಸರೇ ಡಾಕ್ಟರಾಗಬೇಕೆಂದು ಆಕೆ ಹೊರಡುವ ಮೊದಲು ಬಂಗಾಳದ ಶ್ರೀರಾಮಪುರದಲ್ಲಿ ನೆರೆದವರ ಮುಂದೆ ವಾದಿಸಿದ್ದಳು. ಸಂಕೋಚ ನಮ್ಮ ದೇಶಕ್ಕೆ ಮಾತ್ರ ಸೇರಿದ್ದೆಂದು ಭಾವಿಸಬೇಕಾಗಿಲ್ಲ. 1849ರಲ್ಲಿ ಅಮೆರಿಕದ ಮೊದಲ ಮಹಿಳಾ ಡಾಕ್ಟರಾದ ಎಲಿಜಬೆತ್ ಬ್ಲ್ಯಾಕ್‌ವೆಲ್ ಆ ದಾರಿ ಹಿಡಿದದ್ದೂ, ಸಾಯುವ ಹಾಸಿಗೆಯಲ್ಲಿದ್ದ ಗೆಳತಿಯೊಬ್ಬಳು ತನ್ನನ್ನು ನೋಡುವವರು ಹೆಂಗಸಾಗಿದ್ದರೆ ತೀರ ಕಡುವಾದ ಸಂಕಟ ತಪ್ಪುತ್ತಿತ್ತೆಂದು ಹೇಳಿಕೊಂಡದ್ದರಿಂದ. ಆ ಗೆಳತಿಯಾದರೂ ತನ್ನ ಬಾಯಿಂದ ತಾನೇ ಹೇಳಿಕೊಂಡಳು!

ಕಾರ್ನೆಲ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಕಾಲೇಜು ಹೆಂಗಸರಿಗೂ ಬಾಗಿಲು ತೆರೆದಾಗ ಐಡಾ ಕೊನೆಯ ವರ್ಷದ ಓದಿಗೆ ನ್ಯೂಯಾರ್ಕಿಗೆ ಹೋಗಿ 1899ರಲ್ಲಿ ಪದವಿ ಪಡೆದಳು. ಷೆಲ್ ಎಂಬ ಬ್ಯಾಂಕಿನ ಧಣಿಯೊಬ್ಬನು ತೀರಿಕೊಂಡ ತನ್ನ ಹೆಂಡತಿ ಮೇರಿ ಟೇಬರಳ ನೆನಪಿಗೆ ಆಸ್ಪತ್ರೆ ಕಟ್ಟಿಸಲು 10,000 ಡಾಲರ್ ಕೊಟ್ಟನು. ಆ ಹಣವನ್ನೂ, ಆನಿ ಹ್ಯಾನ್‌ಕಾಕ್ ಎಂಬ ಗೆಳತಿಯನ್ನೂ ಜೊತೆಗೆ ಕರೆದುಕೊಂಡು ಡಾಕ್ಟರ್ ಐಡಾ 1900ರ ಹೊಸ ವರ್ಷಕ್ಕೆ ಇಂಡಿಯಾದಲ್ಲಿ ಇಳಿದರು.

ತಂದೆಯ ಕೈಕೆಳಗೆ ಕೆಲವು ವರ್ಷ ಪಳಗಬೇಕೆಂದು ಅವರ ಆಸೆ. ಅದು ನಡೆಯಲಿಲ್ಲ. ಅದೇ ವರ್ಷ ತಂದೆ ತೀರಿಕೊಂಡರು. ಆಸ್ಪತ್ರೆಯೆಂಬುದು ಇನ್ನೂ ಕಾಗದದ ಮೇಲಿತ್ತು. ವೆಲ್ಲೂರಿನ ಬಂಗಲೆಯ ಸಣ್ಣ ಕೋಣೆಯೊಂದರಲ್ಲಿ ಒಂದೇ ಒಂದು ಮಂಚ ಹಾಕಿಕೊಂಡು ಅವರು ಕೆಲಸ ಆರಂಭಿಸಿದರು. ಡಾಕ್ಟರು ಹೆಂಗಸೆಂದ ಮಾತ್ರಕ್ಕೆ ಹೆಂಗಸರು ಸಾಲುಗಟ್ಟಿ ಬಂದುಬಿಡಲಿಲ್ಲ. ಪರದೇಶದ ಎಳೆಯ ಹುಡುಗಿ, ಮದುವೆಯಿಲ್ಲ, ಮಕ್ಕಳಿಲ್ಲ. ಈಕೆಗೆ ಹೆರಿಗೆಯ ವಿಷಯ ಏನು ಗೊತ್ತು ಎಂದು ಶಂಕಿಸುವುದು ಸಹಜ. ನಂಬಿಕೆ ಒಬ್ಬೊಬ್ಬರಾಗಿ, ಮನೆಮನೆಯಾಗಿ ಬೆಳೆಯಿತು. ಒಮ್ಮೆ ಬೆಳೆದ ಮೇಲೆ ವರಾಂಡ ಸಾಲದಾಯಿತು. ಎರಡೇ ವರ್ಷಗಳಲ್ಲಿ 5,000 ರೋಗಿಗಳನ್ನು ಅವರು ನೋಡಿದರೆಂದು ಲೆಕ್ಕವಿದೆ. 1902ರಲ್ಲಿ 40 ಹಾಸಿಗೆಗಳ ಮೇರಿ ಟೇಬರ್ ಷೆಲ್ ಆಸ್ಪತ್ರೆ ತೆರೆಯಿತು. ಅಲ್ಲಿ ಬಹುಕಾಲ ಶಸ್ತ್ರಕ್ರಿಯೆ ಮಾಡಬಲ್ಲವರು ಐಡಾ ಒಬ್ಬರೇ.

ಆಸ್ಪತ್ರೆಗೆ ಬರಲಾರದವರ ಕಡೆಗೆ ತಾವೇ ಹೊರಟರು. ಗುಡಿಯಾತ್ತಂ ರಸ್ತೆ ಹಿಡಿದು ವಾರಕ್ಕೊಮ್ಮೆ ಹೋಗುವುದು. ಹಳ್ಳಿಗಳವರು ಹುಣಿಸೆಮರದ ಅಥವಾ ಆಲದಮರದ ನೆರಳಿನಲ್ಲಿ ಕಾದಿರುವುದು. ಅಲ್ಲಿಯೇ ಹುಣ್ಣು ತೊಳೆದು, ಹಲ್ಲು ಕಿತ್ತು, ಔಷಧಿ ಕೊಟ್ಟು ಮುಂದಿನ ಮರಕ್ಕೆ ಹೋಗುವುದು. ಮೊದಲು ಎತ್ತಿನ ಗಾಡಿ. 1909ರಿಂದ ಒಂದು ಪುಟ್ಟ ಪೂಜೋ ಮೋಟಾರು. ಆ ಮೋಟಾರನ್ನು ಕಂಡು ದೆವ್ವ ಬಂದಿತೆಂದು ಜನ ಹೊಲಗಳಿಗೆ ಓಡಿಹೋಗುತ್ತಿದ್ದರಂತೆ. ಈ ಮರದಡಿಯ ಚಿಕಿತ್ಸೆಗೆ ಗಂಡಸರೂ ಬರುತ್ತಿದ್ದರು. ಹೆಂಗಸು ಡಾಕ್ಟರ ಮುಂದೆ ಗಂಡಸರು ನಿಲ್ಲಲು ಯಾರೂ ಶಾಸ್ತ್ರ ತೆಗೆಯಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು!

ಒಬ್ಬಳೇ ಡಾಕ್ಟರು ಎಷ್ಟು ಮನೆಗಳ ಬಾಗಿಲಿಗೆ ಹೋಗಬಹುದು? ಒಂದು ರಾತ್ರಿಯಲ್ಲಿ ಒಂದೇ ಊರಿನಿಂದ ಮೂವರು ಬಂದಿದ್ದರಲ್ಲವೇ. ಈ ಲೆಕ್ಕ ಐಡಾ ಅವರ ತಲೆಯಲ್ಲಿ ಸದಾ ಇದ್ದಿರಬೇಕು. 1909ರಲ್ಲಿ ದಾದಿಯರ ಶಾಲೆ ಆರಂಭಿಸಿದರು. ಅದಾದ ಮೇಲೆ ಹೆಣ್ಣುಮಕ್ಕಳಿಗೇ ಒಂದು ವೈದ್ಯಕೀಯ ಶಾಲೆ ಬೇಕೆಂದು ಸರಕಾರದ ಬಾಗಿಲು ಬಡಿಯತೊಡಗಿದರು. ಮದರಾಸಿನ ಸರ್ಜನ್ ಜನರಲ್ ಸಾಹೇಬರಿಗೆ ಇದು ಹುಚ್ಚಾಟವಾಗಿ ಕಂಡಿತು. ಅರ್ಜಿ ಹಾಕುವವರು ಮೂವರು ಸಿಕ್ಕಿದರೆ ಹೆಚ್ಚು, ಆರು ಮಂದಿ ಬಂದರೆ ಆರಂಭಿಸಿಕೊಳ್ಳಿ ಎಂಬ ಅರ್ಥದಲ್ಲಿ ಅಪ್ಪಣೆಯಾಯಿತು. ಬಂದ ಅರ್ಜಿಗಳು ಹಲವು ಪಟ್ಟು. ಎಷ್ಟೋ ಹುಡುಗಿಯರನ್ನು ಹಿಂದಕ್ಕೆ ಕಳಿಸಬೇಕಾಯಿತು. 1918ರ ಆಗಸ್ಟ್ 12ರಂದು ಗವರ್ನರ್ ಲಾರ್ಡ್ ಪೆಂಟ್‌ಲೆಂಡರು ಶಾಲೆಯ ಪ್ರಾರಂಭೋತ್ಸವ ನಡೆಸಿದರು. ಸ್ವಂತ ಕಟ್ಟಡವಿಲ್ಲ, ಬಾಡಿಗೆಯ ಮನೆ. ಪಾಠ ಹೇಳುವವರಲ್ಲಿ ಮುಖ್ಯರು ಐಡಾ ಅವರೇ.

ಮೊದಲ ಪರೀಕ್ಷೆಗೆ ಹುಡುಗಿಯರನ್ನು ಕರೆದುಕೊಂಡು ಹೋದಾಗ, ಗಂಡುಹುಡುಗರೇ ಬಹಳ ಮಂದಿ ಬೀಳುವ ಪರೀಕ್ಷೆ, ಮೊದಲ ಸಲವೇ ತೇರ್ಗಡೆಯ ಆಸೆ ಇಟ್ಟುಕೊಳ್ಳಬೇಡಿ ಎಂದು ದೊಡ್ಡವರು ಮುಂಚಿತವಾಗಿ ಸಮಾಧಾನ ಹೇಳಿದ್ದರು. ಫಲಿತಾಂಶ ಓದುವಾಗ ಗಂಡಸರಲ್ಲಿ ಐದರಲ್ಲೊಬ್ಬರು ಮಾತ್ರ ತೇರ್ಗಡೆ. ವೆಲ್ಲೂರಿನ 14 ಹುಡುಗಿಯರಲ್ಲಿ 14 ಮಂದಿಯೂ ತೇರ್ಗಡೆ. ನಾನು ಈ ಪುಟವನ್ನು ಓದಿದ ದಿನ ನಮ್ಮ ಕಾಲೇಜಿನ ಲೈಬ್ರರಿಯಲ್ಲಿಯೇ ನಗು ಬಂದುಬಿಟ್ಟಿತು. ಲೈಬ್ರೇರಿಯನ್ನರು ತಲೆಯೆತ್ತಿ ನೋಡಿದರು. ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಆ ಮುಂಚಿತ ಸಮಾಧಾನದ ರುಚಿ ಗೊತ್ತು. 1922ರಲ್ಲಿ ಈ 14 ಮಂದಿ ಲೈಸೆನ್ಸ್ ಪಡೆದ ಡಾಕ್ಟರಾಗಿ ಹೊರಬಂದರು.

ನಮ್ಮ ನಗರದಲ್ಲಿಯೂ ಇದೇ ಹಾದಿಯ ಗುರುತುಗಳಿವೆ. ಬೆಂಗಳೂರಿನ ಸಿ. ಎಸ್. ಐ. ಆಸ್ಪತ್ರೆಗೆ ಹಿಂದೆ ಜನಾನಾ ಮಿಷನ್ ಆಸ್ಪತ್ರೆ ಎಂದೇ ಹೆಸರು. ಜನಾನಾ ಎಂದರೆ ಹೆಂಗಸರ ಒಳಮನೆ. ಕೋಟೆಯ ಬಳಿಯ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಆರಂಭವಾಯಿತು. ಅದಕ್ಕೆ ಹೆಸರು ಬಂದದ್ದು 1895ರಿಂದ 1902ರವರೆಗೆ ಮೈಸೂರು ಸಂಸ್ಥಾನವನ್ನು ರೀಜೆಂಟರಾಗಿ ಆಳಿದ ವಾಣಿವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಂದ. ಹಳೆಯ ಬೆಂಗಳೂರಿನವರಲ್ಲಿ ಅಲ್ಲಿ ಹುಟ್ಟಿದವರನ್ನು ಎಣಿಸಿ ಮುಗಿಸಲಾಗದು. ಹೆಂಗಸರಿಗೇ ಒಂದು ಬಾಗಿಲು ಬೇಕೆಂಬುದನ್ನು ದೇಶದಾದ್ಯಂತ ಒಪ್ಪಿದ ಕಾಲ ಅದು.

ಈ ಲೇಖನವನ್ನು ಬರೆಯಲು ನನಗೆ ಕಾರಣವಾದವರು ನನ್ನ ತಾಯಿ. ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. ಅವರು ಗಾರ್ಮೆಂಟ್ಸಿನಲ್ಲಿ ಹೊಲಿಗೆಯ ಕೆಲಸ ಮಾಡುತ್ತಾರೆ. ಎಂಟು ತಿಂಗಳು ರಕ್ತ ಹೋಗುತ್ತಿದ್ದರೂ ಮನೆಯಲ್ಲಿ ಬಾಯಿಬಿಡಲಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿದ್ದವರು ಗಂಡಸು ಡಾಕ್ಟರೆಂಬುದೇ ಕಾರಣ. ಕೊನೆಗೆ ಕೆಲಸದ ನಡುವೆ ತಲೆ ತಿರುಗಿ ಕುಸಿದರು. ನಾನು ಹಟ ಮಾಡಿ ದೂರದಲ್ಲಿದ್ದ ಲೇಡಿ ಡಾಕ್ಟರೊಬ್ಬರ ಬಳಿಗೆ ಕರೆದುಕೊಂಡು ಹೋದೆ. ಆಕೆ ಹತ್ತು ಜನರ ಮುಂದೆ, ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಗದರಿದರು. ಅಮ್ಮ ಅಳುತ್ತ ಎದ್ದುಬಂದರು. ಮುಂದೆ ಇನ್ನೊಂದು ಕಡೆ ಗರ್ಭಕೋಶದ ಆಪರೇಷನ್ ಮಾಡಿದವರು ಒಬ್ಬ ಗಂಡಸು ಡಾಕ್ಟರು. ಅವರು ನರ್ಸನ್ನು ಕರೆಸಿ ಪಕ್ಕದಲ್ಲಿ ನಿಲ್ಲಿಸಿ, ಪರದೆ ಎಳೆಸಿ, ಏನು ನೋಡುತ್ತೇನೆ ಏಕೆ ನೋಡುತ್ತೇನೆ ಎಂದು ತಿಳಿಸಿ, ಆಗಬಹುದೇ ಅಮ್ಮಾ ಎಂದು ಕೇಳಿದ ಮೇಲೆಯೇ ಮುಟ್ಟಿದರಂತೆ. ಇಷ್ಟಾದ ಮೇಲೆ ಈಗ ಯಾರು ಬೇಕು ಎಂದು ಅಮ್ಮನನ್ನು ಕೇಳಿದೆ. ಹೆಂಗಸೇ ಆಗಲಿ, ಆದರೆ ಆ ಡಾಕ್ಟರು ಕೇಳಿದ ಹಾಗೆ ಕೇಳುವ ಹೆಂಗಸಾಗಲಿ ಎಂದರು. ನಲವತ್ತೈದು ವರ್ಷದ ನನ್ನ ತಾಯಿಯ ದೇಹದ ವಿಷಯದಲ್ಲಿ ಅವರ ಒಪ್ಪಿಗೆಯನ್ನು ಕೇಳಿದ ಮೊದಲನೆಯ ಮನುಷ್ಯ ಆ ಡಾಕ್ಟರಂತೆ. ಮನೆಯಲ್ಲಿ ನಾವೂ ಕೇಳಿರಲಿಲ್ಲ.

ಇಂಥದೇ ಒಂದು ಕಗ್ಗಂಟು ಐಡಾ ಅವರ ಮುಪ್ಪಿನಲ್ಲಿ ಎದುರಾಯಿತು. 1930ರ ದಶಕದ ಕೊನೆಯಲ್ಲಿ ಮದರಾಸು ಸರಕಾರ ಲೈಸೆನ್ಸ್ ಕೊಡುವ ವೈದ್ಯಕೀಯ ಶಾಲೆಗಳನ್ನು ನಿಲ್ಲಿಸಿ, ವಿಶ್ವವಿದ್ಯಾನಿಲಯದ ಪದವಿಯನ್ನೇ ಕಡ್ಡಾಯ ಮಾಡಲು ಹೊರಟಿತು. ವೆಲ್ಲೂರು ಶಾಲೆ ಕಾಲೇಜಾಗಬೇಕು, ಇಲ್ಲವೇ ಮುಚ್ಚಬೇಕು. ಕಾಲೇಜಾಗಲು ದೊಡ್ಡ ಆಸ್ಪತ್ರೆ, ಪ್ರಾಧ್ಯಾಪಕರು, ಲಕ್ಷಾಂತರ ಹಣ ಬೇಕು. ಗಂಡುಮಕ್ಕಳನ್ನೂ ಸೇರಿಸಿಕೊಂಡರೆ ಇತರ ಮಿಷನ್ನುಗಳ ಹಣವೂ ಸಹಾಯವೂ ಬರುತ್ತದೆಂದು ಕೆಲವರು ಸೂಚಿಸಿದರು. ಅಮೆರಿಕದಲ್ಲಿ ದಶಕಗಳಿಂದ ಕಾಸು ಕೂಡಿಸಿ ಕಳಿಸಿದ್ದ ಮಹಿಳೆಯರಿಗೆ ಇದು ಸಿಡಿಲು. ಹೆಂಗಸರಿಗಾಗಿ ಹೆಂಗಸರು ಕಟ್ಟಿದ್ದನ್ನು ಗಂಡಸರ ಕೈಗೆ ಕೊಡುವುದೆಂದರೇನು? ಹಾಗೆ ಕೊಟ್ಟ ಮೇಲೆ ಅದು ಹೆಂಗಸರದಾಗಿ ಉಳಿದೀತೇ? ಅವರ ಆತಂಕ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಐಡಾ ಅವರೂ ಬಹಳ ತೊಳಲಾಡಿದರು. ಕೊನೆಗೆ ಗಂಡುಮಕ್ಕಳೂ ಬರಲಿ ಎಂಬ ಕಡೆಗೆ ನಿಂತರು. ಹಳೆಯ ಗೆಳತಿಯರಲ್ಲಿ ಕೆಲವರು ಅವರನ್ನು ಕ್ಷಮಿಸಲಿಲ್ಲ.

ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮಹಾಯುದ್ಧದ ನಡುವೆ, ಅವರು ಅಮೆರಿಕದ ಊರೂರು ಸುತ್ತಿ ಕಾಲೇಜಿಗಾಗಿ ಬೇಡಿದರು. 1942ರಲ್ಲಿ ಪದವಿಯ ತರಗತಿಗಳು ಆರಂಭವಾದವು. 1947ರಲ್ಲಿ ಗಂಡುವಿದ್ಯಾರ್ಥಿಗಳು ಮೊದಲ ಸಲ ಸೇರಿದರು. ಅಷ್ಟು ಹೊತ್ತಿಗೆ ಐಡಾ 1946ರಲ್ಲಿ ನಿವೃತ್ತರಾಗಿದ್ದರು. ಮುಂದೆ ಸಂಸ್ಥೆಯ ಆಡಳಿತವನ್ನು ವಹಿಸಿಕೊಂಡ ಮೊದಲ ಭಾರತೀಯರೂ ಒಬ್ಬ ಹೆಂಗಸೇ. ವಿಶಾಖಪಟ್ಟಣದ ಡಾಕ್ಟರ್ ಹಿಲ್ಡಾ ಲಾಜರಸ್, ಹೆರಿಗೆಯ ವೈದ್ಯದಲ್ಲಿ ಹೆಸರಾದವರು. ತಿಂಡಿವನದ ಆ ರಾತ್ರಿಯಲ್ಲಿ ಹೆಂಗಸು ಡಾಕ್ಟರೊಬ್ಬಳೂ ಇರಲಿಲ್ಲವಾದ್ದರಿಂದ ಹೆಂಗಸರನ್ನು ತಯಾರು ಮಾಡಿದರು. ತಯಾರಾದ ಮೇಲೆ, ಬಂದವಳು ಇಬ್ಬರಲ್ಲಿ ಯಾರನ್ನು ಬೇಕಾದರೂ ಕೇಳಬಹುದಾಯಿತು. ಮೊದಲನೆಯದು ಇಲ್ಲದೆ ಎರಡನೆಯದಕ್ಕೆ ಅರ್ಥವಿರುತ್ತಿರಲಿಲ್ಲವೆಂದು ನನಗೆ ತೋರುತ್ತದೆ. ಐಡಾ ಅವರು ಹೀಗೆಯೇ ಯೋಚಿಸಿದರೆಂದು ನಾನು ಹೇಳುತ್ತಿಲ್ಲ.

ಅವರು ಬಂದದ್ದು ಮಿಷನ್ನಿನ ಕೆಲಸಕ್ಕೆ. ಮತದ ಪ್ರಚಾರ ಆ ಕೆಲಸದ ಒಂದು ಭಾಗ. ಅದನ್ನು ಒಪ್ಪದವರು ನಮ್ಮಲ್ಲಿ ಬಹಳ. ಒಪ್ಪದವರ ಮನೆಯ ಹೆಂಗಸರೂ ಅವರ ಬಾಗಿಲಿಗೆ ಹೋದರು, ಬದುಕಿಕೊಂಡು ಬಂದರು. ಐಡಾ ಮದುವೆಯಾಗಲಿಲ್ಲ. ಹುಡುಗಿಯಾಗಿದ್ದಾಗ ಕಂಡ ಅಮೆರಿಕದ ಮನೆಯ ಕನಸಿಗೆ ಬದಲಾಗಿ ಕೊಡೈಕನಾಲಿನ ಬೆಟ್ಟದ ಮೇಲೊಂದು ಮನೆಯಲ್ಲಿ ಕೊನೆಯ ವರ್ಷಗಳನ್ನು ಕಳೆದರು. ಮುಪ್ಪಿನಲ್ಲಿಯೂ ಟೆನ್ನಿಸ್ ಬಿಡಲಿಲ್ಲವೆಂದು ಅವರನ್ನು ಬಲ್ಲವರು ಹೇಳುತ್ತಿದ್ದರು. ಲಕೋಟೆಯ ಮೇಲೆ ಡಾಕ್ಟರ್ ಐಡಾ, ಇಂಡಿಯಾ ಎಂದಷ್ಟೇ ಬರೆದ ಕಾಗದವೊಂದು ಟಪ್ಪಾಲಿನವರ ಕೃಪೆಯಿಂದ ಅವರ ಕೈ ಸೇರಿದ ಕಥೆಯೂ ಇದೆ. 1960ರ ಮೇ 24ರಂದು, ತಮ್ಮ 89ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಷೆಲ್ ಎಂಬುವನು ಹೆಂಡತಿಯ ನೆನಪಿಗೆ ಕೊಟ್ಟ ಹಣದಿಂದ ಎದ್ದ, ಹೆಂಗಸರಿಗೆಂದೇ ಕಟ್ಟಿದ ಆ 40 ಹಾಸಿಗೆಗಳ ಆಸ್ಪತ್ರೆ ಮುಂದೆ ಕಣ್ಣಿನ ಆಸ್ಪತ್ರೆಯಾಯಿತು. ಗಂಡಸರೂ ಹೆಂಗಸರೂ ಒಂದೇ ಬೆಂಚಿನ ಮೇಲೆ ಸರದಿಗಾಗಿ ಕಾದರು.